ಗೋಡೆಗೆ ಒರಗಿಸಿದ ಏಣಿಯಂಥ ತೋಟ

ಕ್ಯಾಮೆರಾ ಅಲುಗಾಡುತ್ತಿದೆ ಎಂದು ಬೈಯಬೇಡಿ. ಅಲುಗಾಡುತ್ತಿರುವುದು ನನ್ನ ಕಾಲು. ಒಂದು ಕೈಯಲ್ಲಿ ಬಂಡೆಗೆ ಬಿಗಿದ ಉಕ್ಕಿನ ಹಗ್ಗ, ಇನ್ನೊಂದರಲ್ಲಿ ಮೊಬೈಲ್. ಕೆಳಗೆ ಜರ್ಮನಿಯ ಮೊಸೆಲ್ ನದಿ ಏನನ್ನೋ ಮರೆತವರಂತೆ ಬಂದ ದಿಕ್ಕಿಗೇ ತಿರುಗಿಕೊಂಡಿದೆ. ಆ ತಿರುವಿನ ಹೊರಮಗ್ಗುಲಿನಲ್ಲಿ ಕಪ್ಪು ಚಾವಣಿಗಳ ಪುಟ್ಟ ಊರು, ಬ್ರೆಮ್. ನಾನು ನಿಂತಿರುವುದು ಅದರ ಕಾಲ್ಮೊಂಟ್ ಗುಡ್ಡದಲ್ಲಿ. ಇಳಿಜಾರು ಕೆಲವೆಡೆ 65 ಡಿಗ್ರಿ. ಇಂಥಲ್ಲಿ ಮೇಕೆ ಮೇಯಿಸುವುದಕ್ಕೂ ನಾವು ಹಿಂಜರಿಯುತ್ತೇವೆ. ಇವರು ವೈನಿಗಾಗಿ ದ್ರಾಕ್ಷಿ ಬೆಳೆಯುತ್ತಾರೆ.

ಏಕೆಂದು ತಿಳಿಯಬೇಕಾದರೆ ನೆಲ ಮುಟ್ಟಬೇಕು. ಮಣ್ಣು ಎನ್ನುವುದಕ್ಕಿಂತ ಕಲ್ಲಿನ ಚೂರುಗಳ ರಾಶಿ. ಒಂದನ್ನು ಎತ್ತಿಕೊಂಡೆ: ಬೂದು ಬಣ್ಣ, ಅಂಗೈ ಅಗಲ, ಬಿಸಿಬಿಸಿ. ಮೇಲೆ ಬೆರಳಿನಿಂದ ‘ಅ’ ಬರೆಯುವ ಆಸೆಯಾಯಿತು, ಏಕೆಂದರೆ ಇದು ಸ್ಲೇಟು. ನಮ್ಮಲ್ಲಿ ಅಕ್ಷರ ತಿದ್ದುತ್ತಿದ್ದ ಹಲಗೆಯ ಜಾತಿಯದೇ ಕಲ್ಲು. ಸುಮಾರು 40 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕುಳಿತ ಕೆಸರು ಒತ್ತಡಕ್ಕೆ ಸಿಕ್ಕಿ ಹೀಗೆ ಪದರು ಪದರಾಗಿದೆ.

ಇಷ್ಟು ಉತ್ತರದಲ್ಲಿ ಸೂರ್ಯ ನೆತ್ತಿಗೆ ಬರುವುದಿಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಈ ಕಡಿದಾದ ಗುಡ್ಡಕ್ಕೆ ಮಾತ್ರ ಓರೆ ಬಿಸಿಲೂ ನೇರವಾಗಿ ಬಡಿಯುತ್ತದೆ. ಹಗಲಿಡೀ ಕಾದ ಸ್ಲೇಟು ರಾತ್ರಿ ಆ ಶಾಖವನ್ನು ಬಳ್ಳಿಗೆ ಮರಳಿಸುತ್ತದೆ. ಲ್ಯಾಟಿನ್ನಿನಲ್ಲಿ ‘ಬಿಸಿ ಬೆಟ್ಟ’ ಎಂಬುದೇ ಕಾಲ್ಮೊಂಟ್ ಆಯಿತು ಎನ್ನುವವರಿದ್ದಾರೆ. ಈಗ ಬೆವರು ಒರೆಸಿಕೊಳ್ಳುತ್ತಿರುವ ನನ್ನ ಮತವೂ ಅದಕ್ಕೇ.

ಸಾಲುಗಟ್ಟಿದ ತಂತಿಗಳು ಇಲ್ಲಿ ಕಡಿಮೆ. ಒಂದೊಂದು ಬಳ್ಳಿಗೂ ಒಂದೊಂದು ಗೂಟ. ಕೊಂಬೆಗಳನ್ನು ಬಾಗಿಸಿ ಹೃದಯದಾಕಾರಕ್ಕೆ ಕಟ್ಟುತ್ತಾರೆ. ಪ್ರೇಮದ ಗುರುತೇನೂ ಅಲ್ಲ, ಕೆಲಸದವರು ಎತ್ತ ಬೇಕಾದರೂ ದಾಟಿಕೊಂಡು ಹೋಗಬೇಕಲ್ಲ. ಟ್ರ್ಯಾಕ್ಟರ್ ಹತ್ತದ ಜಾಗದಲ್ಲಿ ಒಂಟಿ ಹಳಿಯ ಮೇಲೆ ಗೊರಗೊರ ಎನ್ನುತ್ತಾ ಒಂದು ಪುಟ್ಟ ಬಂಡಿ ಹತ್ತುತ್ತದೆ. ಉಳಿದದ್ದೆಲ್ಲ ಮೊಣಕಾಲಿನ ಪಾಲು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಅನೇಕರು ಇದು ಸಾಕೆಂದು ಕೈಬಿಟ್ಟರು. ಮುಳ್ಳುಪೊದೆ ನುಂಗಿದ ಕಟ್ಟೆಗಳು ಈಗಲೂ ಕಾಣುತ್ತವೆ. ಕೆಲವನ್ನು ಮತ್ತೆ ಹಸನು ಮಾಡಿ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯ ಬಳ್ಳಿ ನೆಟ್ಟಿದ್ದಾರೆ.

ನದಿಯಾಚೆ, ಬಯಲಿನಲ್ಲಿ, ಚಾವಣಿಯಿಲ್ಲದ ಗೋಡೆಗಳು ಕಾಣುತ್ತಿವೆಯೇ? ಅದು ಸ್ಟೂಬೆನ್, 12ನೆಯ ಶತಮಾನದಲ್ಲಿ ಸ್ಥಾಪನೆಯಾದ ಸನ್ಯಾಸಿನಿಯರ ಮಠ. 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವನ್ನು ಸೂರೆ ಮಾಡಿದ ಕ್ರುಸೇಡ್ ಎಂಬ ಕ್ರೈಸ್ತ ಧರ್ಮಯುದ್ಧದಿಂದ ಮರಳಿದ ಹೈನ್ರಿಕ್ ಫಾನ್ ಉಲ್ಮೆನ್ ಎಂಬ ಯೋಧ, ಏಸುವಿನ ಶಿಲುಬೆಯದೆಂದು ನಂಬಿದ ಮರದ ತುಣುಕುಗಳಿರುವ ಚಿನ್ನದ ಲೇಪದ ಪೆಟ್ಟಿಗೆಯನ್ನು 1208ರಲ್ಲಿ ಈ ಮಠಕ್ಕೆ ಕೊಟ್ಟ. ಲೂಟಿಯ ಮಾಲು ಕಾಣಿಕೆಯಾಯಿತು. ಪೆಟ್ಟಿಗೆ ಈಗ ಜರ್ಮನಿಯದೇ ಲಿಂಬುರ್ಗ್ ಪಟ್ಟಣದಲ್ಲಿದೆ. ಇಲ್ಲಿ ಬರೀ ಗೋಡೆ.

ಕೆಳಗಿಳಿದು ಒಂದು ಲೋಟ ರೀಸ್ಲಿಂಗ್ ವೈನ್ ತೆಗೆದುಕೊಂಡೆ. ಮೊದಲು ಹುಳಿ ನಾಲಿಗೆಯ ಅಂಚನ್ನು ಚುರ್ ಎನ್ನಿಸುತ್ತದೆ, ಆಮೇಲೆ ಹಸಿರು ಸೇಬಿನ ಘಮ. ಲೇಬಲ್ಲಿನ ‘ಶ್ಪೇಟ್‌ಲೇಸೆ’ ಎಂಬ ಪದ ಕೊಯ್ಲಿನ ಹೊತ್ತಿಗೆ ಹಣ್ಣು ಎಷ್ಟು ಮಾಗಿತ್ತೆಂದು ಹೇಳುತ್ತದೆ, ಸೀಸೆಯೊಳಗಿನ ಸಿಹಿಯನ್ನಲ್ಲ. ನಾನೂ ಮೊದಲು ಮೋಸಹೋಗಿದ್ದೆ. ಸ್ಲೇಟಿನ ರುಚಿ ಸಿಗುತ್ತದೆ ಎಂದು ಪಕ್ಕದ ಮೇಜಿನವರು ಹೇಳಿದರು. ನನಗೆ ನಂಬಿಕೆಯಿಲ್ಲ. ಕಲ್ಲು ಕೊಡುವುದು ಬಿಸಿಯನ್ನು.

ಸೂರ್ಯ ಮುಳುಗಿ ಗಂಟೆಯಾಯಿತು. ನದಿಯ ಗಾಳಿಗೆ ಜಾಕೆಟ್ ಹಾಕಿಕೊಂಡಿದ್ದೇನೆ. ನಾನು ಒರಗಿರುವ ಸ್ಲೇಟಿನ ಗೋಡೆ ಮಾತ್ರ ಇನ್ನೂ ಬೆಚ್ಚಗಿದೆ.