ಎರಡೂ ತುದಿ ಕೂಡದ ಹಳಿ

ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಜಮಖಂಡಿಯ ಬಂಧುಗಳೇ,

ಸಾರಿಗೆಯ ಮೇಲೆ ಸರಕಾರ ಹೂಡುವ ಹಣಕ್ಕೂ ಒಂದು ಸೀಮೆಯ ಏಳಿಗೆಗೂ ಇರುವ ನಂಟನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಅಪ್ಪಣೆ ಮಾಡಿದ್ದಾರೆ. ರೈಲು ಹತ್ತಲು ಕುಡಚಿಗೋ ಮಿರಜಿಗೋ ಹೋಗಬೇಕಾದ ಊರಿನಲ್ಲಿ ಈ ವಿಷಯಕ್ಕೆ ಪೀಠಿಕೆ ಬೇಕಿಲ್ಲ. ನಮ್ಮ ಕಡೆಗೆ ಹಣ ಬರಲಿಲ್ಲವೆಂಬ ದೂರು ಹಳೆಯದು. ಬಂದ ಹಣವೂ ಕೆಲಸ ಮುಗಿಯದ ರೀತಿಯಲ್ಲಿ ಬರುತ್ತದೆ ಎಂಬುದು ನನ್ನ ದೂರು.

ಕಲಾದಗಿಯ ಕಥೆಯನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಹಿಂದೆ ಕೇಳಿದವರು ಸೈರಿಸಿಕೊಳ್ಳಬೇಕು. ಇಂದು ದಾಳಿಂಬೆ, ಚಿಕ್ಕುಗಳಿಂದ ಹೆಸರಾದ ಆ ಊರು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವಾಗಿತ್ತು. ಬಾಗಲಕೋಟೆ, ವಿಜಾಪುರಗಳೆರಡೂ ಅದರ ಆಡಳಿತಕ್ಕೆ ಸೇರಿದ್ದವು. 1876ರಿಂದ 1878ರವರೆಗಿನ ಬರದಲ್ಲಿ ಈ ಸೀಮೆ ಬರಿದಾಯಿತು. ಕಾಳು ಇದ್ದ ಕಡೆಯಿಂದ ತರೋಣವೆಂದರೆ ಚಕ್ಕಡಿ ಹೂಡಬೇಕು. ಹೂಡಿದ ಎತ್ತಿಗೇ ದಾರಿಯಲ್ಲಿ ಮೇವಿಲ್ಲ, ನೀರಿಲ್ಲ. ಆ ಪಾಠದ ಬೆನ್ನಿಗೇ ಸದರ್ನ್ ಮರಾಠಾ ರೈಲ್ವೆಯವರು ಸೊಲ್ಲಾಪುರದ ಬಳಿಯ ಹೋಟಗಿಯಿಂದ ಗದಗಿನವರೆಗೆ ಮೀಟರ್‌ಗೇಜ್ ಹಳಿ ಹಾಕಿದರು. 1884ರಲ್ಲಿ ಗಾಡಿ ಓಡಿತು. ಹಳಿ ವಿಜಾಪುರ, ಬಾಗಲಕೋಟೆ, ಬಾದಾಮಿಗಳನ್ನು ಹಿಡಿದು ಹೋಯಿತು; ಕಲಾದಗಿ ಪಶ್ಚಿಮಕ್ಕೆ ಉಳಿಯಿತು. ಮರುವರ್ಷ, 1885ರಲ್ಲಿ, ಜಿಲ್ಲಾ ಕೇಂದ್ರವೇ ವಿಜಾಪುರಕ್ಕೆ ಹೊರಟುಹೋಯಿತು. ಆದಿಲಶಾಹಿ ಅರಮನೆಗಳು ಕಚೇರಿಗಳಾದವು. ರೈಲೊಂದೇ ಕಾರಣವೆಂದು ನಾನು ಆಣೆ ಮಾಡಲಾರೆ. ಆದರೆ ಕಲೆಕ್ಟರ್ ಸಾಹೇಬರು ರೈಲಿಲ್ಲದ ಊರಿನಿಂದ ರೈಲಿದ್ದ ಊರಿಗೆ ಗಂಟುಮೂಟೆ ಕಟ್ಟಿದರು, ತಿರುಗಿ ಬರಲಿಲ್ಲ!

ಆ ಹಳಿ ದುಡಿದದ್ದು ಅದರ ಎರಡೂ ತುದಿಗಳು ಕೂಡಿದ್ದರಿಂದ: ಹೋಟಗಿಯಲ್ಲಿ ಮುಂಬಯಿ–ಮದ್ರಾಸ್ ದಾರಿ, ಗದಗಿನಲ್ಲಿ ಹುಬ್ಬಳ್ಳಿಯ ಕಡೆಯ ದಾರಿ. ಈಗ ಕುಡಚಿಯಲ್ಲಿ ಮಿರಜಿನ ದಾರಿಯನ್ನು ಕೂಡಬೇಕಾದ ನಮ್ಮ ಬಾಗಲಕೋಟೆ–ಕುಡಚಿ ರೈಲು ಮಾರ್ಗವನ್ನು ನೋಡಿ. 2010-11ರಲ್ಲಿ ಮಂಜೂರಾದ ಇದರ ಉದ್ದ 142 ಕಿ.ಮೀ.; ಅರ್ಧ ವೆಚ್ಚ ರಾಜ್ಯದ್ದು, ಭೂಮಿಯೂ ರಾಜ್ಯವೇ ಪುಕ್ಕಟೆ ಕೊಡಬೇಕು. ಮೊದಲು ಮುಗಿದದ್ದು ಖಜ್ಜಿಡೋಣಿಯವರೆಗಿನ ಸುಮಾರು 30 ಕಿ.ಮೀ. ಅಂತೂ ಕಲಾದಗಿಯ ಮಗ್ಗುಲಿಗೆ ಹಳಿ ಬಂತು, ನೂರಮೂವತ್ತು ವರ್ಷ ತಡವಾಗಿ. ಆದರೆ ಐದನೆಯ ಒಂದು ಪಾಲು ಹಳಿ ಬಿದ್ದಿತೆಂದು ಐದನೆಯ ಒಂದು ಪಾಲು ಲಾಭ ಬರುವುದಿಲ್ಲ. ಮುಧೋಳದ ಸಿಮೆಂಟ್, ಮಹಾಲಿಂಗಪುರದ ಬೆಲ್ಲ, ರಬಕವಿ-ಬನಹಟ್ಟಿಯ ಸೀರೆ, ಇಲ್ಲಿಯ ಸಕ್ಕರೆ, ಇವು ಯಾವುವೂ ಖಜ್ಜಿಡೋಣಿಗೆ ಹೋಗಿ ಮಾರಾಟವಾಗುವ ಸರಕಲ್ಲ. ಮಿರಜ ದಾಟಿ ಹೋಗಬೇಕಾದವು. ಬಜೆಟ್ಟಿನಿಂದ ಬಜೆಟ್ಟಿಗೆ ಚೂರುಚೂರು ಹಣ ಬರುವಾಗ ಭೂಮಿಯ ಬೆಲೆ ಏರುತ್ತದೆ, ಪರಿಹಾರದ ತಕರಾರು ಬೆಳೆಯುತ್ತದೆ, ಆಗಲೇ ಸುರಿದ ಹಣ ಬಡ್ಡಿಯನ್ನೂ ದುಡಿಯದೆ ಬಿದ್ದಿರುತ್ತದೆ.

ಒಂದೇ ಕೆಲಸಕ್ಕೆ ಹಣ ಸುರಿದರೆ ಉಳಿದ ತಾಲೂಕುಗಳವರು ಸುಮ್ಮನಿರುತ್ತಾರೆಯೇ ಎಂದು ಕೇಳಬಹುದು. ಪ್ರಾದೇಶಿಕ ಅಸಮತೋಲನವನ್ನು ಅಭ್ಯಸಿಸಿದ ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ರಾಜ್ಯದ ಆಗಿನ 175 ತಾಲೂಕುಗಳ ಪೈಕಿ 114 ಹಿಂದುಳಿದಿವೆ ಎಂದಿತು. ಎಲ್ಲರ ಕೇಳಿಕೆಯೂ ನ್ಯಾಯವಾದದ್ದೇ. ಅದಕ್ಕಾಗಿಯೇ ಎಲ್ಲ ಕಡೆಗೂ ಅಡಿಗಲ್ಲು ಬೀಳುತ್ತದೆ. ಅಡಿಗಲ್ಲಿಗೆ ನಮ್ಮಲ್ಲಿ ಬರವಿಲ್ಲ, ಇಳಕಲ್ಲಿನ ಗ್ರಾನೈಟ್ ಹತ್ತಿರವೇ ಸಿಗುತ್ತದೆ. ಆದರೆ ಒಂದನ್ನು ತುದಿ ಮುಟ್ಟಿಸಿ ಇನ್ನೊಂದನ್ನು ಹಿಡಿದರೆ, ಕಾಯುವ ತಾಲೂಕಿಗೂ ತನ್ನ ಸರದಿ ಯಾವಾಗ ಎಂಬುದು ತಿಳಿದಿರುತ್ತದೆ.

ಚೀಟಿ ಬಂದಿದೆ, ಹತ್ತು ನಿಮಿಷ ಉಳಿದಿದೆಯಂತೆ. ಶಕ್ತಿ ಯೋಜನೆಯ ಬಳಿಕ ಬಸ್ಸುಗಳ ಸ್ಥಿತಿ, ವಿಜಯಪುರದ ವಿಮಾನ ನಿಲ್ದಾಣ, ಇವನ್ನು ಬಿಡುತ್ತೇನೆ. ಕಿತ್ತೂರಿನ ಮೇಲೆ ಹಾಯುವ ಧಾರವಾಡ–ಬೆಳಗಾವಿ ನೇರ ರೈಲು ಮಾರ್ಗಕ್ಕೂ ನಾನು ಹೇಳುವುದು ಇದನ್ನೇ: ಎರಡೂ ತುದಿ ಕೂಡಬೇಕು.

ಕೊನೆಯದಾಗಿ, ದಾರಿಯೊಂದೇ ಸಾಲದು. ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ಒಣದ್ರಾಕ್ಷಿ ಮಹಾರಾಷ್ಟ್ರದ ತಾಸಗಾವಿಗೆ ಹೋಗಿ ಹರಾಜಾಗುತ್ತದೆ, ಏಕೆಂದರೆ ಪೇಟೆ, ವ್ಯಾಪಾರಿಗಳು ಅಲ್ಲಿದ್ದಾರೆ. ರಸ್ತೆ ಸುಧಾರಿಸಿದರೆ ಅದು ಇನ್ನಷ್ಟು ಬೇಗ ಹೋಗುತ್ತದೆ, ಅಷ್ಟೆ. ಆದ್ದರಿಂದ ನಿಲ್ದಾಣದ ನಕ್ಷೆ ಕಾಗದದ ಮೇಲಿರುವಾಗಲೇ ವರ್ತಕರೂ ರೈತರೂ ಕೂಡಿ ಗೂಡ್ಸ್ ಶೆಡ್ ಎಲ್ಲಿ, ಗೋದಾಮು ಎಲ್ಲಿ, ಅಲ್ಲಿಗೆ ಹೋಗುವ ರಸ್ತೆಯನ್ನು ಯಾವ ಇಲಾಖೆ ಮಾಡುತ್ತದೆ ಎಂದು ಬರಹದಲ್ಲಿ ಕೇಳಬೇಕು. ಹಂಗಾಮಿನಲ್ಲಿ ಎರಡು ಟ್ರೇಲರ್ ಕಬ್ಬು ಹೇರಿ, ಸ್ಪೀಕರ್ ಹಚ್ಚಿಕೊಂಡು ಬರುವ ನಮ್ಮ ಟ್ರ್ಯಾಕ್ಟರ್ ಆ ರಸ್ತೆಯ ತಿರುವಿನಲ್ಲಿ ಸಿಕ್ಕಿಕೊಂಡರೆ ಸಕ್ಕರೆಯ ಲಾರಿಯೂ ಅದರ ಹಿಂದೆಯೇ ನಿಲ್ಲುತ್ತದೆ. ತಿರುವಿನ ಅಗಲವನ್ನೂ ಅರ್ಜಿಯಲ್ಲಿ ಬರೆಯಿರಿ.