ಹೊರಟ ದಿನ ಊರು ದಾಟದ ಪಲ್ಲಕ್ಕಿ

ಎಲ್ಲರಿಗೂ ನಮಸ್ಕಾರ.

ಪಂಢರಪುರದ ವಾರಿಗೆ, ಅಂದರೆ ವಿಠ್ಠಲನ ದರ್ಶನಕ್ಕೆ ಪ್ರತಿ ವರ್ಷ ನಡೆದು ಹೋಗುವ ಯಾತ್ರೆಗೆ, ಹೋಗಬೇಕು ಅಂದುಕೊಂಡವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ಮೊದಲನೇ ದಿನ ಎಷ್ಟು ನಡೀಬೇಕು?" ಉತ್ತರ ಕೇಳಿದರೆ ನಗು ಬರುತ್ತದೆ. ಸಂತ ಜ್ಞಾನೇಶ್ವರರ ಪಾದುಕೆ ಹೊತ್ತ ಪಲ್ಲಕ್ಕಿ ಮೊದಲ ದಿನ, ತಾನು ಹೊರಡುವ ಪುಣೆ ಹತ್ತಿರದ ಆಳಂದಿ ಊರನ್ನೇ ದಾಟುವುದಿಲ್ಲ. ಪಂಢರಪುರಕ್ಕೆ ಸುಮಾರು 250 ಕಿಲೋಮೀಟರ್ ದಾರಿ ಹಾಗೇ ಬಾಕಿ ಇರುತ್ತದೆ. ಆ ದಿನ ಇರುವುದೇ ಹೊರಡುವುದಕ್ಕೆ. ನನಗೆ ವಾರಿಯಲ್ಲಿ ತುಂಬಾ ಹಿಡಿಸಿದ ವಿಷಯ ಇದು.

ಜ್ಯೇಷ್ಠ ಬಹುಳ ಅಷ್ಟಮಿ ಪಲ್ಲಕ್ಕಿ ಹೊರಡುವ ದಿನ. ದೇಹು ಊರಿನಿಂದ ಸಂತ ತುಕಾರಾಮರ ಪಲ್ಲಕ್ಕಿ ಅದರ ಹಿಂದಿನ ದಿನವೇ ಹೊರಟಿರುತ್ತದೆ. ಇತ್ತ ಆಳಂದಿಯಲ್ಲಿ ಇಂದ್ರಾಯಣಿ ನದಿಯ ಎರಡೂ ದಂಡೆಯಲ್ಲಿ ಜನವೋ ಜನ. ಸ್ನಾನ, ಅಡುಗೆ, ಭಜನೆ ಎಲ್ಲಾ ಅಲ್ಲೇ. ದೇವಸ್ಥಾನದ ಅಂಗಳ ಚಿಕ್ಕದು. ಹಾಗಾಗಿ ಎಲ್ಲಾ ದಿಂಡಿಗಳನ್ನೂ (ಭಜನೆ ಮಾಡುತ್ತಾ ಒಟ್ಟಿಗೆ ನಡೆಯುವ ತಂಡಗಳು) ಒಳಗೆ ಬಿಡುವುದಿಲ್ಲ. ಒಳಗೆ ಹೋದವರು ತಾಳ, ಪಖವಾಜು ಹಿಡಿದು ಕುಣಿಯುತ್ತಾರೆ. ಉಳಿದವರು ಬೀದಿಯಲ್ಲಿ, ನದಿಯ ಮೆಟ್ಟಿಲುಗಳ ಮೇಲೆ, ಮನೆಗಳ ಮಾಳಿಗೆಯ ಮೇಲೆ.

ಎಲ್ಲರ ಕಣ್ಣೂ ಶಿಖರದ ಕಳಶದ ಮೇಲೆ. ಕಳಶ ಅಲುಗಾಡಿದರೆ ಮಾವುಲಿ ಅಪ್ಪಣೆ ಕೊಟ್ಟರು ಅಂತ ನಂಬಿಕೆ. ಮಾವುಲಿ ಅಂದರೆ ಜ್ಞಾನೇಶ್ವರರು, ವಾರಕರಿಗಳು (ವಾರಿಗೆ ಹೋಗುವ ಭಕ್ತರು) ಅವರನ್ನು ತಾಯಿ ಅಂತಲೇ ಕರೆಯುತ್ತಾರೆ. ಅದು ನಿಜವಾಗಿ ಅಲುಗಾಡುತ್ತದಾ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ಅಪ್ಪಣೆ ಸಿಗದೆ ಹೆಜ್ಜೆ ಎತ್ತಬಾರದು ಅಂತ ಅಷ್ಟು ಜನ ಕಾಯುತ್ತಾರಲ್ಲ, ನನಗೆ ಅದೇ ದೊಡ್ಡದು.

ಇನ್ನು ಕುದುರೆಗಳ ವಿಷಯ. ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಕಡೆಯ ಕಥೆ. ಪಲ್ಲಕ್ಕಿಯ ಜೊತೆ ಎರಡು ಕುದುರೆ ಹೋಗುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ ಇರುತ್ತಾನೆ. ಇನ್ನೊಂದರ ಮೇಲೆ ಯಾರೂ ಕೂರುವುದಿಲ್ಲ. ಅದರ ಮೇಲೆ ಮಾವುಲಿಯೇ ಇದ್ದಾರೆ ಅಂತ ಭಾವನೆ. ಇವು ಬರುವುದು ಬೆಳಗಾವಿ ಜಿಲ್ಲೆಯ ಅಂಕಲಿಯಿಂದ, ಶಿತೋಳೆ ಸರದಾರರ ಮನೆತನದಿಂದ. ಅದೂ ನಡೆದುಕೊಂಡೇ, ಸುಮಾರು 300 ಕಿಲೋಮೀಟರ್. ಅಂದರೆ ಆಳಂದಿಯಲ್ಲಿ ಮೊದಲ ದಿನ ಅಂತ ಎಲ್ಲರೂ ಸಂಭ್ರಮ ಪಡುವಾಗ ಈ ಕುದುರೆಗಳಿಗೂ ಜೊತೆಗೆ ಬಂದವರಿಗೂ ಕಾಲು ಆಗಲೇ ಪಳಗಿರುತ್ತದೆ! ಪಂಢರಪುರಕ್ಕೆ ಹೋಗಲು ಅಂಕಲಿಯವರು ಮೊದಲು ಸುತ್ತು ಹಾಕಿ ಆಳಂದಿಗೆ ನಡೆಯುತ್ತಾರೆ. ಲೆಕ್ಕ ಹಾಕುವವರಿಗೆ ಇದು ಅರ್ಥವಾಗುವುದಿಲ್ಲ ಬಿಡಿ.

ಈ ವ್ಯವಸ್ಥೆ ತಂದವರು ಹೈಬತರಾವ್ ಬಾಬಾ ಆರಫಳಕರ್. ಗ್ವಾಲಿಯರಿನ ಶಿಂಧೆ ದರ್ಬಾರಿನಲ್ಲಿದ್ದವರು. ವಾರಿಗೆ ಈಗಿನ ರೂಪ ಬಂದದ್ದು ಅವರಿಂದ, 19ನೆಯ ಶತಮಾನದ ಮೊದಲ ಭಾಗದಲ್ಲಿ. ಕುದುರೆ, ಚೋಪದಾರರು (ದಂಡ ಹಿಡಿದು ಶಿಸ್ತು ನೋಡಿಕೊಳ್ಳುವವರು), ನಂಬರು ಹಾಕಿದ ದಿಂಡಿಗಳು. ಪಲ್ಲಕ್ಕಿ ಇಟ್ಟ ರಥದ ಮುಂದೆ 27 ದಿಂಡಿ, ಹಿಂದೆ ಇನ್ನೂ ಎಷ್ಟೋ. ದಂಡು ಹೊರಡುವ ಶಿಸ್ತು ಇದರಲ್ಲಿ ಕಾಣುತ್ತದೆ ಅಲ್ವಾ? ಹೈಬತ ಬಾಬಾರ ಹೆಸರಿನ ಮೆಟ್ಟಿಲು ಈಗಲೂ ಆಳಂದಿ ದೇವಸ್ಥಾನದ ಮಹಾದ್ವಾರದಲ್ಲಿದೆ.

ಪಾದುಕೆಗಳನ್ನು ಪಲ್ಲಕ್ಕಿಯಲ್ಲಿ ಇಟ್ಟ ಮೇಲೆ ಆಳಂದಿಯವರೇ ಹೆಗಲು ಕೊಡುತ್ತಾರೆ. ಊರೊಳಗೆ ಮೆರವಣಿಗೆ ಆಗುತ್ತದೆ. ಆಮೇಲೆ ಎಲ್ಲಿಗೆ ಗೊತ್ತಾ? ಅಜ್ಜನ ಮನೆಗೆ! ಜ್ಞಾನೇಶ್ವರರ ತಾಯಿಯ ತವರು ಆಳಂದಿಯೇ. ಆ ನೆನಪಿಗೆ ಮೊದಲ ರಾತ್ರಿಯ ಬಿಡಾರವನ್ನು 'ಆಜೋಳ ಘರ' ಅನ್ನುತ್ತಾರೆ. ಈ ತಾಯಿ, ತಂದೆ, ಮಕ್ಕಳನ್ನು ಇದೇ ಸಮಾಜ ಬಹಿಷ್ಕಾರ ಹಾಕಿ ಹೊರಗಿಟ್ಟಿತ್ತು ಅಂತ ಪರಂಪರೆ ಹೇಳುತ್ತದೆ. ಆ ಮಗ 1296ರಲ್ಲಿ ಸಮಾಧಿಯಾದ. ಈಗ ಪ್ರತಿ ವರ್ಷ ಇಡೀ ಊರು ಹೊತ್ತುಕೊಂಡು ಹೋಗಿ ಅವನನ್ನು ಅಜ್ಜನ ಮನೆಯಲ್ಲಿ ಮಲಗಿಸುತ್ತದೆ. ನಡಿಗೆ ಕಾಯಲಿ, ಮೊದಲು ಇದು ಆಗಬೇಕು.

ಹೋಗುವವರಿಗೆ ಎರಡು ಮಾತು. ಒಬ್ಬರೇ ಹೋಗಬೇಡಿ, ಯಾವುದಾದರೂ ದಿಂಡಿ ಸೇರಿಕೊಳ್ಳಿ. ಸಾಮಾನ್ಯವಾಗಿ ಅಡುಗೆ ಸಾಮಾನು, ತಂಬು, ನಿಮ್ಮ ಚೀಲ ಎಲ್ಲಾ ದಿಂಡಿಯ ಲಾರಿಯಲ್ಲಿ ಬರುತ್ತದೆ. ಮೊದಲ ದಿನ ಸುಮ್ನೆ ಫೋಟೋ ತೆಗೆಯುತ್ತಾ ಕಳೆಯಬೇಡಿ. ದಿಂಡಿಯ ನಂಬರು, ಲಾರಿಯ ನಂಬರು ಬಾಯಿಪಾಠ ಮಾಡಿ. ವೀಣೆ ಹಿಡಿದವರ ಮುಖ ಗುರುತು ಇಟ್ಟುಕೊಳ್ಳಿ, ದಾರಿಯಲ್ಲಿ ಅವರೇ ನಿಮ್ಮ ಗುರುತಿನ ಕಂಬ. ಹೊಸ ಚಪ್ಪಲಿ ಖಂಡಿತ ಬೇಡ. ಮಳೆಗಾಲ, ಪ್ಲಾಸ್ಟಿಕ್ ಹಾಳೆ ಇರಲಿ. ಯಾರಾದರೂ ಕಾಲಿಗೆ ಬಿದ್ದರೆ ಗಾಬರಿಯಾಗಬೇಡಿ, ನೀವೂ ತಿರುಗಿ ಬೀಳಿ. ಅಲ್ಲಿ ದೊಡ್ಡವರು ಚಿಕ್ಕವರು ಅಂತಿಲ್ಲ, ಎಲ್ಲರೂ ಎಲ್ಲರಿಗೂ 'ಮಾವುಲಿ'ಯೇ.

ರಾತ್ರಿ ಬೇಗ ಮಲಗಿ. ಮರುದಿನ ನಸುಕಿನಲ್ಲೇ ಹೊರಡಬೇಕು, ಪುಣೆಗೆ ಹೆಚ್ಚು ಕಡಿಮೆ 30 ಕಿಲೋಮೀಟರ್. ಪುಣೆ ಬಿಟ್ಟ ಮೇಲೆ ಸಾಸವಡದ ದಾರಿಯಲ್ಲಿ ದಿವೆ ಘಾಟಿ ಇದೆ. ಮೊಣಕಾಲು ನೋವಿನ ಪ್ರಶ್ನೆಗಳನ್ನು ಅಲ್ಲಿಗೆ ಬಂದಾಗ ಕೇಳುವಿರಂತೆ.