ಪ್ಲೇಆಫ್‌ಗೆ ಮೂರು ದಿನ: ನನ್ನ ಮ್ಯಾರಿನರ್ಸ್ ತಲೆಬಿಸಿ

ಎಲ್ಲರಿಗೂ ನಮಸ್ಕಾರ, ಆಯುಧ ಪೂಜೆಯ ಶುಭಾಶಯ. ಇವತ್ತು 2025ರ ಅಕ್ಟೋಬರ್ 1, ಬುಧವಾರ ಸಂಜೆ. ಬೆಲ್‌ವ್ಯೂನಿಂದ ಮಾತಾಡುತ್ತಿದ್ದೇನೆ. ಶನಿವಾರ ಸರೋವರದ ಆಚೆ, ಸಿಯಾಟಲ್‌ನ ಟಿ-ಮೊಬೈಲ್ ಪಾರ್ಕಿನಲ್ಲಿ ನಮ್ಮ ಬೇಸ್‌ಬಾಲ್ ತಂಡ ಮ್ಯಾರಿನರ್ಸ್‌ಗೆ ಪ್ಲೇಆಫ್ ಶುರು. ಎದುರಾಳಿ ಯಾರು ಅಂತ ಇನ್ನೂ ಗೊತ್ತಿಲ್ಲ. ನನ್ನ ಹೊಟ್ಟೆಯಲ್ಲಿ ಮಾತ್ರ ಈಗಲೇ ಸಂಕಟ ಶುರುವಾಗಿದೆ.

ಈಗ ಕಾಣುತ್ತಿರುವುದು ನಮ್ಮ ಮನೆಯ ಗೊಂಬೆ. ಅಮ್ಮ ಹಾಸನದಿಂದ ಬಂದಿದ್ದಾರೆ, ಹಾಗಾಗಿ ಈ ವರ್ಷ ಕೂರಿಸಿದ್ದೇವೆ. ಮೇಲೆ ಪಟ್ಟದ ಗೊಂಬೆಗಳು, ಕೆಳಗೆ ಶೆಟ್ಟಿ ಶೆಟ್ಟಮ್ಮ. ಶೆಟ್ಟಿ ಅಂಗಡಿಯ ಪಕ್ಕದಲ್ಲಿ ತಲೆ ಅಲ್ಲಾಡಿಸುತ್ತಾ ನಿಂತವನು ಕ್ಯಾಲ್ ರಾಲಿ, ನಮ್ಮ ಕ್ಯಾಚರ್. ಈ ಸೀಸನ್‌ನಲ್ಲಿ 60 ಹೋಮ್ ರನ್ ಹೊಡೆದಿದ್ದಾನೆ, ಅಂದರೆ ಚೆಂಡು ಬೇಲಿ ದಾಟುವ ಹೊಡೆತ, ನಮ್ಮ ಸಿಕ್ಸರ್ ಇದ್ದ ಹಾಗೆ. ಕ್ಯಾಚರ್ ಅಂದರೆ ಪಂದ್ಯಪೂರ್ತಿ ಕುಕ್ಕರುಗಾಲಲ್ಲಿ ಕೂತು ಗಂಟೆಗೆ 95 ಮೈಲಿ ವೇಗದ ಚೆಂಡು ಹಿಡಿಯುವವನು. ಮಂಡಿ ಸವೆಯುವ ಕೆಲಸ. ಕ್ಯಾಚರ್‌ಗಳಲ್ಲಿ ಹಳೇ ದಾಖಲೆ 48, ಸಾಲ್ವಡೋರ್ ಪೆರೆಜ್ 2021ರಲ್ಲಿ ಹೊಡೆದದ್ದು. ಇವನು ಅದನ್ನು ದಾಟಿದ. ಇವನ ಹಾಗೇ ಎಡಗೈ ಬಲಗೈ ಎರಡರಲ್ಲೂ ಬ್ಯಾಟ್ ಮಾಡುತ್ತಿದ್ದ ಮಿಕಿ ಮ್ಯಾಂಟಲ್‌ನ 54 ದಾಟಿದ. ಈ ಊರಿನ ಆರಾಧ್ಯ ದೈವ ಕೆನ್ ಗ್ರಿಫಿ ಜೂನಿಯರ್‌ನ 56 ಕೂಡ ದಾಟಿದ. ಅಮ್ಮ ಬೆಳಿಗ್ಗೆ ಕಾರಿಗೆ, ಮಿಕ್ಸಿಗೆ, ನನ್ನ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು, ಹಾಗೇ ಇವನ ಹಣೆಗೂ ಒಂದು ಬೊಟ್ಟು ಇಟ್ಟರು. ನಾನು ಬೇಡ ಅನ್ನಲಿಲ್ಲ. ಈ ವಾರ ಯಾರ ಆಶೀರ್ವಾದವನ್ನೂ ಬೇಡ ಅನ್ನುವ ಸ್ಥಿತಿಯಲ್ಲಿ ನಾನಿಲ್ಲ.

"ಇಷ್ಟೆಲ್ಲ ಗೆದ್ದಮೇಲೆ ಇನ್ನೇನು ಕಣೇ ನಿಂಗೆ ಚಿಂತೆ?" ಅಂತ ಅಮ್ಮ ಕೇಳಿದರು. ಒಳ್ಳೆಯ ಪ್ರಶ್ನೆ. ಸೀಸನ್ ಅಂದರೆ 162 ಪಂದ್ಯ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನಾ ಆಟ. ನಾವು 90 ಗೆದ್ದೆವು, 72 ಸೋತೆವು. ಅಮೆರಿಕನ್ ಲೀಗ್ ವೆಸ್ಟ್, ಅಂದರೆ ನಮ್ಮ ಡಿವಿಷನ್‌ನಲ್ಲಿ ಮೊದಲ ಸ್ಥಾನ, 2001 ಆದಮೇಲೆ ಇದೇ ಮೊದಲು. ಈಗ ಆ ಲೆಕ್ಕ ಪೂರ್ತಿ ಅಳಿಸಿ ಐದು ಪಂದ್ಯದ ಸರಣಿ. ಮೂರು ಗೆದ್ದವರು ಮುಂದಕ್ಕೆ, ಉಳಿದವರು ಮನೆಗೆ. "ಹಂಗಾದ್ರೆ ಆರು ತಿಂಗಳು ಆಡಿದ್ದು ಸುಮ್ನೆನಾ?" ಅಂದರು. ಹೌದು ಅಂತ ಹೇಳಲೂ ಆಗಲಿಲ್ಲ, ಅಲ್ಲ ಅಂತ ಹೇಳಲೂ ಆಗಲಿಲ್ಲ.

ಯಾಕೆ ಅಂದರೆ ಈ ಊರಿಗೆ ಆ ಪಾಠ ಆಗಲೇ ಆಗಿದೆ. 2001ರಲ್ಲಿ ಮ್ಯಾರಿನರ್ಸ್ 116 ಪಂದ್ಯ ಗೆದ್ದರು. ಒಂದು ಸೀಸನ್‌ನಲ್ಲಿ ಅದಕ್ಕಿಂತ ಜಾಸ್ತಿ ಯಾವ ತಂಡವೂ ಗೆದ್ದಿಲ್ಲ. 1906ರ ಶಿಕಾಗೊ ಕಬ್ಸ್ ಅಷ್ಟೇ ಸರಿಸಮ. ಖ್ಯಾತ ಬ್ಯಾಟರ್ ಇಚಿರೊ ಜಪಾನ್‌ನಿಂದ ಬಂದ ಮೊದಲ ವರ್ಷ ಅದು. ಆ ತಂಡ ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು ಐದೇ ಪಂದ್ಯದಲ್ಲಿ ಮನೆಗೆ ಬಂತು. ಅದಾದಮೇಲೆ ಇಪ್ಪತ್ತು ಸೀಸನ್ ಪ್ಲೇಆಫ್ ಅನ್ನೋದೇ ಇಲ್ಲ. ಇಪ್ಪತ್ತು! ಆಗ ಹುಟ್ಟಿದ ಮಕ್ಕಳು ಕಾಲೇಜಿಗೆ ಹೋದರು.

ಬರ ಮುರಿದದ್ದು 2022ರ ಸೆಪ್ಟೆಂಬರ್ 30ರ ರಾತ್ರಿ. ಬದಲಿ ಬ್ಯಾಟರ್ ಆಗಿ ಬಂದು ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದು ಪಂದ್ಯ ಮುಗಿಸಿದವನು ಇದೇ ರಾಲಿ. ಆಮೇಲೆ ಟೊರಾಂಟೊದಲ್ಲಿ 8-1ರಿಂದ ಹಿಂದೆ ಬಿದ್ದು 10-9ಕ್ಕೆ ಗೆದ್ದೆವು. ಆಮೇಲೆ ಹೂಸ್ಟನ್. ಮೊದಲೆರಡು ಅಲ್ಲಿ ಸೋತು, ಮೂರನೆಯದಕ್ಕೆ ಇಲ್ಲಿಗೆ ಬಂದೆವು. ಒಂಬತ್ತು ಇನ್ನಿಂಗ್ಸ್‌ನಲ್ಲಿ ಮುಗಿಯಬೇಕಾದ ಆಟ ಹದಿನೆಂಟಕ್ಕೆ ಹೋಯಿತು. ಹದಿನೇಳು ಇನ್ನಿಂಗ್ಸ್ ಮುಗಿದರೂ ಎರಡೂ ಕಡೆ ಸೊನ್ನೆ. ಮಧ್ಯಾಹ್ನ ಒಂದು ಗಂಟೆಗೆ ಕೂತ ಜನ, ಆರು ಗಂಟೆಗೂ ಮೇಲೆ ಅಲ್ಲೇ. ಕೊನೆಗೆ ಜೆರೆಮಿ ಪೆನ್ಯಾ ಒಂದು ಹೋಮ್ ರನ್ ಹೊಡೆದ. 1-0. ಮುಗಿಯಿತು. ನಾನು ಮೇಲಿನ ಸಾಲಿನಲ್ಲಿದ್ದೆ. ಸೋತ ಬೇಸರಕ್ಕಿಂತ ಜಾಸ್ತಿ, ಇಷ್ಟು ಹೊತ್ತಿನಲ್ಲಿ ನಮ್ಮವರಿಗೆ ಒಂದೇ ಒಂದು ರನ್ ಬರಲಿಲ್ಲವಲ್ಲ ಅನ್ನೋದು ಇವತ್ತಿಗೂ ಕಾಡುತ್ತದೆ. 2023ರಲ್ಲಿ ಒಂದು ಪಂದ್ಯದಿಂದ ಪ್ಲೇಆಫ್ ತಪ್ಪಿತು. 2024ರಲ್ಲೂ ಒಂದೇ ಪಂದ್ಯದಿಂದ.

ಇಲ್ಲಿನ ಕನ್ನಡದ ಸ್ನೇಹಿತರು ನನ್ನನ್ನು ಸಮಾಧಾನ ಮಾಡುವುದು ಒಂದೇ ಮಾತಿನಿಂದ. "ಆರ್‌ಸಿಬಿ ಗೆದ್ದಾಯ್ತಲ್ಲ, ಇನ್ನು ಇವರೂ ಗೆಲ್ತಾರೆ ಬಿಡು." ಹದಿನೆಂಟು ಸೀಸನ್ "ಈ ಸಲ ಕಪ್ ನಮ್ದೇ" ಅಂದ ಬಾಯಿ ನಮ್ಮದು, ಆ ಆಸೆಯ ಅಭ್ಯಾಸ ಇಲ್ಲಿಗೂ ಬಂದಿದೆ, ಒಪ್ಪುತ್ತೇನೆ. ಆದರೆ ಲೆಕ್ಕ ಹಾಕಿ ನೋಡಿ. ಆರ್‌ಸಿಬಿ ಗೆಲ್ಲುವ ಮುಂಚೆ 2009, 2011, 2016ರಲ್ಲಿ ಫೈನಲ್ ಆದರೂ ಆಡಿತ್ತು. ಮ್ಯಾರಿನರ್ಸ್ ಹುಟ್ಟಿದ್ದು 1977ರಲ್ಲಿ. ಇವತ್ತಿನವರೆಗೆ ಒಂದು ಸಲವೂ ವರ್ಲ್ಡ್ ಸೀರೀಸ್, ಅಂದರೆ ಇಲ್ಲಿನ ಫೈನಲ್, ತಲುಪಿಲ್ಲ. ಲೀಗ್‌ನ 30 ತಂಡಗಳಲ್ಲಿ ಹೀಗಿರುವುದು ನಾವೊಬ್ಬರೇ. ಇನ್ನು ಜೂನ್ 3ರ ಖುಷಿಯ ಮಾತು ಬಂದರೆ ಮರುದಿನ ಚಿನ್ನಸ್ವಾಮಿ ಹೊರಗೆ ಸತ್ತ 11 ಜನರ ನೆನಪೂ ಬರುತ್ತದೆ. ಆ ಹೋಲಿಕೆಯನ್ನು ನಾನು ಮುಂದುವರಿಸುವುದಿಲ್ಲ.

ಸರಿ, ಈ ವರ್ಷದ ತಂಡಕ್ಕೆ ಬರೋಣ. ನನಗೆ ಭಯ ಹುಟ್ಟಿಸಿದ ವಿಷಯವೇ ಇದು: ತಂಡ ಚೆನ್ನಾಗಿದೆ. ಹಿಂದೆಲ್ಲಾ ಸೋತರೆ ಹೇಳಿಕೊಳ್ಳೋಕೆ ಒಂದು ಕಾರಣ ಇರುತ್ತಿತ್ತು. ಬ್ಯಾಟಿಂಗ್ ಇಲ್ಲ, ಮಾಲೀಕರು ದುಡ್ಡು ಬಿಚ್ಚಲಿಲ್ಲ, ಹೀಗೆ. ಈ ಸಲ ಜುಲೈನಲ್ಲಿ ಅರಿಜೋನಾದಿಂದ ಇಬ್ಬರು ದೊಡ್ಡ ಬ್ಯಾಟರ್‌ಗಳನ್ನು ತಂದರು, ಜಾಶ್ ನೇಲರ್ ಮತ್ತು ಯುಹೇನಿಯೊ ಸ್ವಾರೆಸ್. ನೇಲರ್ ಅಂತೂ ನನ್ನ ಪ್ರೀತಿಯ ಆಟಗಾರ ಆಗಿಬಿಟ್ಟಿದ್ದಾನೆ. ದಪ್ಪ ಮನುಷ್ಯ, ಓಟದಲ್ಲಿ ಲೀಗ್‌ನ ಅತಿ ನಿಧಾನದವರಲ್ಲಿ ಒಬ್ಬ. ಆದರೂ ಈ ಸೀಸನ್‌ನಲ್ಲಿ 30 ಬೇಸ್ ಕದ್ದಿದ್ದಾನೆ, ಅಂದರೆ ಯಾರೂ ಚೆಂಡು ಹೊಡೆಯದೆಯೇ ಮುಂದಿನ ಬೇಸ್‌ಗೆ ಓಡಿ ಸೇರಿದ್ದಾನೆ! ಪಿಚ್ಚರ್, ಅಂದರೆ ಚೆಂಡು ಎಸೆಯುವವನು, ಯಾವ ಕ್ಷಣದಲ್ಲಿ ತನ್ನನ್ನು ಮರೆಯುತ್ತಾನೆ ಅಂತ ಕಾಯುತ್ತಾ ನಿಲ್ಲುತ್ತಾನೆ. ಕಾಲಿನಿಂದ ಅಲ್ಲ, ತಲೆಯಿಂದ ಓಡುವವನು.

ಸ್ವಾರೆಸ್ ಕಥೆ ಬೇರೆ. ಅರಿಜೋನಾದಲ್ಲಿ 36 ಹೋಮ್ ರನ್ ಹೊಡೆದು ಬಂದ. ಇಲ್ಲಿ 13. ಅದು ಪರವಾಗಿಲ್ಲ, ಆದರೆ ಇಲ್ಲಿ ಅವನ ಬ್ಯಾಟಿಂಗ್ ಸರಾಸರಿ .189. ಹತ್ತು ಸಲ ಬಂದರೆ ಎರಡು ಹಿಟ್ ಕೂಡ ಗ್ಯಾರಂಟಿ ಇಲ್ಲ. ಅವನನ್ನು ಕೂರಿಸಿ ಅನ್ನುವವರಿದ್ದಾರೆ. ನಾನು ಅನ್ನಲ್ಲ. ಪ್ಲೇಆಫ್‌ನಲ್ಲಿ ದೊಡ್ಡ ಪಿಚ್ಚರ್‌ಗಳ ಎದುರು ಒಂದಾದಮೇಲೊಂದು ಮೂರು ಹಿಟ್ ಜೋಡಿಸುವುದು ಕಷ್ಟ. ಒಂದೇ ಹೊಡೆತದಲ್ಲಿ ರನ್ ತರುವವನು ಸಾಲಿನಲ್ಲಿ ಇರಲೇಬೇಕು. ಇನ್ನೊಂದು ವಿಷಯ, ನೇಲರ್ ಮತ್ತು ಸ್ವಾರೆಸ್ ಇಬ್ಬರ ಒಪ್ಪಂದವೂ ಈ ಸೀಸನ್‌ಗೆ ಮುಗಿಯುತ್ತದೆ. ಇದೇ ತಂಡ ಮುಂದಿನ ವರ್ಷ ಇರುತ್ತದೆ ಅನ್ನುವ ಹಾಗಿಲ್ಲ.

ನಿಜವಾದ ತಲೆಬಿಸಿ ಬ್ರಯಾನ್ ವೂ. ಈ ವರ್ಷ ನಮ್ಮ ಅತ್ಯುತ್ತಮ ಪಿಚ್ಚರ್. 15 ಗೆಲುವು. ಸೀಸನ್‌ನ ಮೊದಲ 25 ಪಂದ್ಯಗಳಲ್ಲಿ ಪ್ರತಿ ಸಲವೂ ಕನಿಷ್ಠ ಆರು ಇನ್ನಿಂಗ್ಸ್ ಎಸೆದಿದ್ದಾನೆ. ಈ ಕಾಲದಲ್ಲಿ ಅಂಥ ನಂಬಿಕಸ್ಥ ಸಿಗುವುದಿಲ್ಲ, ಎಲ್ಲರನ್ನೂ ಐದಕ್ಕೇ ಹೊರಗೆ ಕರೆದುಬಿಡುತ್ತಾರೆ. ಸೆಪ್ಟೆಂಬರ್ 19ರಂದು ಹೂಸ್ಟನ್‌ನಲ್ಲಿ ಎಸೆಯುತ್ತಿದ್ದಾಗ ಎದೆಯ ಸ್ನಾಯು ಹಿಡಿದುಕೊಂಡು ಹೊರಗೆ ಬಂದ. ಆ ಸರಣಿಯ ಮೂರೂ ಪಂದ್ಯ ಗೆದ್ದು ಹೂಸ್ಟನ್ ಅನ್ನು ಹಿಂದೆ ಹಾಕಿದೆವು, ಊರೆಲ್ಲಾ ಕುಣಿಯಿತು. ನಾನು ಮಾತ್ರ ಫೋನಿನಲ್ಲಿ ವೂನ ಎದೆಯ ಸುದ್ದಿ ಹುಡುಕುತ್ತಾ ಕೂತಿದ್ದೆ. ಅವನು ಆಮೇಲೆ ಪಂದ್ಯ ಆಡಿಲ್ಲ. ಶನಿವಾರದ ಆಟಗಾರರ ಪಟ್ಟಿ ಇನ್ನೂ ಹೊರಬಂದಿಲ್ಲ.

ಇನ್ನೊಂದು ಇದೆ, ಇದು ಕೇಳೋಕೆ ವಿಚಿತ್ರ. ನಮಗೆ ರಜೆ ಸಿಕ್ಕಿದ್ದೇ ನನಗೆ ಭಯ. ಅಮೆರಿಕನ್ ಲೀಗ್‌ನಲ್ಲಿ ಮೊದಲ ಎರಡು ಸ್ಥಾನದವರು ವೈಲ್ಡ್ ಕಾರ್ಡ್, ಅಂದರೆ ಪ್ಲೇಆಫ್‌ನ ಮೊದಲ ಸುತ್ತು, ಆಡಬೇಕಿಲ್ಲ. ಟೊರಾಂಟೊ ಮೊದಲು, ನಾವು ಎರಡನೆಯವರು. ಭಾನುವಾರ ಕೊನೆ ಪಂದ್ಯ, ಮುಂದಿನದು ಶನಿವಾರ. ಆರು ತಿಂಗಳು ದಿನಾ ಚೆಂಡು ನೋಡಿದ ಕಣ್ಣಿಗೆ ಐದು ದಿನ ಬಿಡುವು. 2023ರಲ್ಲಿ ಹೀಗೆ ರಜೆ ಪಡೆದ ಬಾಲ್ಟಿಮೋರ್ 101 ಗೆದ್ದಿತ್ತು, ಟೆಕ್ಸಸ್ ಎದುರು ಮೂರಕ್ಕೆ ಮೂರೂ ಸೋತಿತು. ಲಾಸ್ ಏಂಜಲೀಸ್ ಡಾಡ್ಜರ್ಸ್ 100, ಅವರಿಗೂ ಅದೇ ಗತಿ. ಅಟ್ಲಾಂಟಾ 104 ಗೆದ್ದು ಬಂದು ಫಿಲಡೆಲ್ಫಿಯಾ ಎದುರು ಮನೆ ಸೇರಿತು. ನಮ್ಮ ಕೊನೆಯ ವಾರ ನೋಡಿದರೆ ಇನ್ನೂ ಕಳವಳ. 24ರ ರಾತ್ರಿ ರಾಲಿ 59, 60 ಎರಡನ್ನೂ ಹೊಡೆದ, ಡಿವಿಷನ್ ಗೆದ್ದೆವು, ಶಾಂಪೇನ್ ಹಾರಿತು. ಆಮೇಲೆ ಡಾಡ್ಜರ್ಸ್ ಬಂದು ಮೂರೂ ಪಂದ್ಯ ಗೆದ್ದುಕೊಂಡು ಹೋದರು. ಕೊನೆ ದಿನ ಎಸೆದದ್ದು ನಿವೃತ್ತಿ ಘೋಷಿಸಿದ ಕ್ಲೇಟನ್ ಕರ್ಶಾ. ನಮ್ಮ ಜನವೂ ಎದ್ದು ನಿಂತು ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಒಂದು ರನ್ ಕೂಡ ಬಿಟ್ಟುಕೊಡದೆ ಹೋದ ಮಹಾರಾಯ.

ಗೆದ್ದಾಗಿತ್ತಲ್ಲ, ಆ ಮೂರಕ್ಕೆ ಬೆಲೆ ಇಲ್ಲ ಅಂತ ಯಜಮಾನರು ಹೇಳುತ್ತಾರೆ. ಇರಬಹುದು. ಅವರಿಗೆ ನಿದ್ದೆ ಚೆನ್ನಾಗಿ ಬರುತ್ತಿದೆ.

ಈ ಮಧ್ಯೆ ಅಮ್ಮನಿಗೆ ಇಷ್ಟವಾದ ಕಥೆ ಒಂದಿದೆ. ಸೆಪ್ಟೆಂಬರ್ ಶುರುವಿನಲ್ಲಿ ತಂಡ ಸೋಲುತ್ತಾ ಇದ್ದಾಗ ಒಬ್ಬ ಅಭಿಮಾನಿ ಎಟ್ಸಿ ಅನ್ನೋ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾಟಗಾತಿಯೊಬ್ಬಳಿಗೆ ದುಡ್ಡು ಕೊಟ್ಟು ಮಂತ್ರ ಹಾಕಿಸಿದ. ನಿಜ, ಸುದ್ದಿಯಲ್ಲೂ ಬಂತು. ಅಲ್ಲಿಂದ ತಂಡ ಸತತ ಹತ್ತು ಪಂದ್ಯ ಗೆದ್ದಿತು. ಈಗ ಮೈದಾನಕ್ಕೆ ಚೂಪು ಟೋಪಿ ಹಾಕಿಕೊಂಡು ಬರುವ ಜನ ಇದ್ದಾರೆ. "ಅಮೆರಿಕದಲ್ಲೂ ಮಾಟ ಮಾಡಿಸ್ತಾರಾ? ಅದಕ್ಕಿಂತ ಹಾಸನಾಂಬೆಗೆ ಹರಕೆ ಹೊತ್ಕೋ" ಅಂದರು ಅಮ್ಮ. ಬಾಗಿಲು ತೆಗೆಯುವುದೇ ಇದೇ ತಿಂಗಳಲ್ಲಿ, ಸರಿಯಾದ ಸಮಯ ಅಂತೆ. ಹೊತ್ತಿದ್ದೇನೆ. ಏನು ಅಂತ ಹೇಳಲ್ಲ.

ಈಗ ಎದುರಾಳಿ. ಕ್ಲೀವ್‌ಲ್ಯಾಂಡ್ ಅಥವಾ ಡೆಟ್ರಾಯಿಟ್. ಮೂರು ಪಂದ್ಯದ ಸರಣಿ, 1-1 ಆಗಿದೆ. ನಿನ್ನೆ ಡೆಟ್ರಾಯಿಟ್ 2-1ಕ್ಕೆ ಗೆದ್ದಿತು, ತಾರಿಕ್ ಸ್ಕೂಬಲ್ ಒಬ್ಬನೇ 14 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಮೂರು ಸ್ಟ್ರೈಕ್‌ಗೆ ಔಟ್. ಇವತ್ತು ಕ್ಲೀವ್‌ಲ್ಯಾಂಡ್ 6-1. ನಾಳೆ ನಿರ್ಣಯ.

ನಾಳೆ ನಾನು ಪೂರ್ತಿ ಕ್ಲೀವ್‌ಲ್ಯಾಂಡ್ ಕಡೆ. ಕಾರಣ ಒಂದೇ, ಸ್ಕೂಬಲ್. ಎಡಗೈ ಪಿಚ್ಚರ್, ಅತ್ಯುತ್ತಮ ಪಿಚ್ಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಕಳೆದ ವರ್ಷ ಗೆದ್ದವನು. ಓದಿದ್ದು, ಆಟ ಕಲಿತದ್ದು ಎಲ್ಲಿ ಗೊತ್ತಾ? ಇದೇ ಸಿಯಾಟಲ್ ಯೂನಿವರ್ಸಿಟಿಯಲ್ಲಿ, ಮೈದಾನದಿಂದ ಎರಡು ಮೈಲಿಯೂ ಇಲ್ಲ. ದಿನ ಎಣಿಸಿ ನೋಡಿ. ಮಂಗಳವಾರ ಎಸೆದಿದ್ದಾನೆ, ಭಾನುವಾರ ಎರಡನೇ ಪಂದ್ಯಕ್ಕೆ ಸಿದ್ಧ. ಸರಣಿ ಐದನೇ ಪಂದ್ಯಕ್ಕೆ ಹೋದರೆ ಆಗಲೂ ಅವನೇ. ಐದರಲ್ಲಿ ಎರಡು ಅವನ ಕೈಯಲ್ಲಿ ಅಂದರೆ, ಉಳಿದ ಮೂರನ್ನು ನಾವು ಒಂದೂ ಬಿಡದೆ ಗೆಲ್ಲಬೇಕು, ಇಲ್ಲ ಅವನನ್ನೇ ಒಂದು ಸಲ ಮಣಿಸಬೇಕು. ಕ್ಲೀವ್‌ಲ್ಯಾಂಡ್ ಬಂದರೆ ಅಂಥ ಗೋಡೆ ಇಲ್ಲ. ಜೊತೆಗೆ ಅವರ ಕ್ಯಾಚರ್ ಬೋ ನೇಲರ್, ನಮ್ಮ ನೇಲರ್‌ನ ಸ್ವಂತ ತಮ್ಮ. ಅಣ್ಣ ಬ್ಯಾಟ್ ಹಿಡಿದು ನಿಂತರೆ ಹಿಂದೆ ತಮ್ಮ ಕೂತಿರುತ್ತಾನೆ. ನೋಡೋಕೆ ಚೆಂದ.

ಮೊದಲ ಎರಡು ಮತ್ತು ಐದನೇ ಪಂದ್ಯ ನಮ್ಮೂರಲ್ಲಿ. ಇದೊಂದೇ ನನಗೆ ಧೈರ್ಯ. ಈ ಸೀಸನ್‌ನಲ್ಲಿ ಇಲ್ಲಿ 51 ಗೆದ್ದು 30 ಸೋತಿದ್ದೇವೆ. ಹೊರಗೆ ಹೋದಾಗ 39 ಗೆಲುವು, 42 ಸೋಲು, ಎರಡು ಬೇರೆ ಬೇರೆ ತಂಡ ಇದ್ದ ಹಾಗೆ. ಸಮುದ್ರದ ತಂಪು ಗಾಳಿಗೆ ಇಲ್ಲಿ ಚೆಂಡು ದೂರ ಹೋಗುವುದಿಲ್ಲ, ಪಿಚ್ಚರ್‌ಗಳಿಗೆ ಅನುಕೂಲ. ನಾನಾಗಿದ್ದರೆ ಶನಿವಾರ ಜಾರ್ಜ್ ಕಿರ್ಬಿಗೆ ಚೆಂಡು ಕೊಡುತ್ತಿದ್ದೆ. ವಾಕ್ ಕೊಟ್ಟು, ಅಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಬೇಸ್ ಕೊಟ್ಟು, ಕೆಡುವವನಲ್ಲ. ಮೊದಲ ದಿನ ಸ್ಕೂಬಲ್ ಇಲ್ಲದಾಗ ಗೆದ್ದೇ ತೀರಬೇಕು. ಮ್ಯಾನೇಜರ್ ಡ್ಯಾನ್ ವಿಲ್ಸನ್ 2001ರ ತಂಡದಲ್ಲಿ ಕ್ಯಾಚರ್ ಆಗಿದ್ದವನು, 116 ಗೆದ್ದು ಸೋಲುವುದು ಹೇಗಿರುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತು.

ಶನಿವಾರಕ್ಕೆ ಟಿಕೆಟ್ ಇದೆ, ಅಮ್ಮನಿಗೂ ಸೇರಿ. ಅಲ್ಲಿಗೆ ಹೊರಗಿನ ತಿಂಡಿ ಬಿಡುತ್ತಾರೆ ಅಂತ ಗೊತ್ತಾದಮೇಲೆ ಚಕ್ಕುಲಿ, ಕೋಡುಬಳೆ ಡಬ್ಬಿ ಆಗಲೇ ತುಂಬಿದೆ. ಹದಿನೆಂಟು ಇನ್ನಿಂಗ್ಸ್ ಆದರೂ ಸಾಕಾಗುವಷ್ಟು. ಮ್ಯಾಚ್ ಮುಗಿದಮೇಲೆ ಗೇಟಿನ ಹತ್ತಿರ ನಿಂತು ಒಂದು ಚಿಕ್ಕ ವಿಡಿಯೋ ಮಾಡಿ ಅವತ್ತು ರಾತ್ರಿಯೇ ಹಾಕುತ್ತೇನೆ, ಗೆದ್ದರೆ. ಸೋತರೆ ಭಾನುವಾರ ನೋಡೋಣ.